ಹಳದಿ ಗುಳಿಗೆ

ಮಗಳಿಗೆ ಸ್ನಾನ ಮಾಡಿಸುತ್ತಿದ್ದ ಆದೆಮ್ಮನ ಕೈ ತಟ್ಟನೆ ನಿಂತಿತು. ಹುಡುಗಿಯ ಕೆಳಹೊಟ್ಟೆಯ ಹೊಲಿಗೆ ಗುರುತಿನ ಪಕ್ಕದಲ್ಲಿ ಮೂರು ನೀರುಗುಳ್ಳೆ. ಬೆನ್ನು ತಿರುಗಿಸಿ ನೋಡಿದಳು, ಅಲ್ಲಿ ಏಳೆಂಟು. ಮೈ ಸುಡುತ್ತಿತ್ತು. ಒಂಬತ್ತು ವರ್ಷದ ಯಮನಮ್ಮನಿಗೆ ವೇಲೂರಿನ ಆಸ್ಪತ್ರೆಯಲ್ಲಿ ತಾಯಿಯ ಕಿಡ್ನಿ ಹಾಕಿ ಹನ್ನೊಂದು ತಿಂಗಳಾಗಿತ್ತು.

ಅತ್ತೆ ಬೂದೆಮ್ಮ ಬಂದು ನೋಡಿದವಳೇ ಸೆರಗು ಹೊದ್ದು ಕೈ ಮುಗಿದಳು.

“ಅಮ್ಮ ಬಂದಾಳ. ಇನ್ನ ಗುಳಿಗಿ ಗಿಳಿಗಿ ಎಲ್ಲಾ ಬಂದ್ ಮಾಡು. ಬೇವಿನ ತಪ್ಪಲ ತರ್ತೀನಿ.”

ವೇಲೂರಿನ ಡಾಕ್ಟರು ಮೊದಲೇ ಹೇಳಿದ್ದರು: ಬೇರೆ ಮಕ್ಕಳಿಗೆ ಈ ನೀರುಗುಳ್ಳೆ ಬಂದು ಹೋಗುತ್ತದೆ, ಕಿಡ್ನಿ ಉಳಿಯಲೆಂದು ಈ ಹುಡುಗಿಯ ಮೈಯ ರೋಗ ತಡೆಯುವ ಶಕ್ತಿಯನ್ನೇ ನಾವು ಗುಳಿಗೆಯಿಂದ ಅದುಮಿ ಇಟ್ಟಿದ್ದೇವೆ, ಗುಳ್ಳೆ ಕಂಡ ದಿನವೇ ಫೋನು ಮಾಡಿ.

ರಾಯಚೂರು ರೈಲ್ವೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಗಂಡ ಪರಮಣ್ಣ ಟ್ರಂಕ್ ಕಾಲ್ ಮಾಡಲು ಸೈಕಲ್ ಹತ್ತಿ ಹೋದ. ಮೂರು ತಾಸಿನ ಮೇಲೆ ಬಂದವನು ಹೆಂಡತಿಯ ಮುಖ ನೋಡದೆ ಹೇಳಿದ.

“ಹಳದಿ ಗುಳಿಗಿ ಇವತ್ತ ನಿಲ್ಲಸ್ರಿ ಅಂದ್ರು. ಬಿಳೀದು ಮಾತ್ರ ಒಂದ ಹೊತ್ತೂ ತಪ್ಪಬಾರ್ದಂತ. ಸಂಜಿ ಮೇಲ್ ಗಾಡಿಗೇ ಕರಕೊಂಡು ಬರ್ರಿ ಅಂದ್ರು.”

“ಹಳದೀದು ನಿಲ್ಲಿಸಿದ್ರ ಕಿಡ್ನಿ?”

“ಕೆಟ್ಟರೂ ಕೆಡಬಹುದಂತ. ನಿಲ್ಲಸಲಿಲ್ಲಂದ್ರ ಹುಡುಗೀನ ಉಳಿಯಂಗಿಲ್ಲಂತ. ಕಿಡ್ನಿ ನಿಂದು, ನೀನ ಹೇಳು.”

“ಕೊಟ್ಟಮ್ಯಾಲ ನಂದೆಲ್ಲ್ಯದ?”

ಆದೆಮ್ಮ ಹಳದಿ ಗುಳಿಗೆಯ ಡಬ್ಬಿಯನ್ನು ಗೋಡೆಯ ಗೂಡಿನಲ್ಲಿಟ್ಟು, ಬಿಳಿಯದನ್ನು ಮಗಳ ಬಾಯಿಗೆ ಹಾಕಿ ನೀರು ಕುಡಿಸಿದಳು. ಬೂದೆಮ್ಮ ಬಾಗಿಲಲ್ಲೇ ನಿಂತಿದ್ದಳು.

“ಅಮ್ಮ ಮನ್ಯಾಗ ಇರೋವಾಗ ಔಷಧ ಕೊಡ್ತೀಯಲ್ಲ. ಆಕಿಗಿ ಸಿಟ್ಟು ಬಂದ್ರ?”

“ಬರ್ಲಿ ಅತ್ತಿ. ನನ್ನ ಮ್ಯಾಲ ಬರ್ಲಿ.”

ಬೂದೆಮ್ಮ ಬೇವಿನ ತಪ್ಪಲು ಕಟ್ಟಿಕೊಂಡು ತಾನೂ ರೈಲು ಹತ್ತಿದಳು. ಗುಂತಕಲ್ಲು ದಾಟುವವರೆಗೆ ಅದರಿಂದಲೇ ಮೊಮ್ಮಗಳಿಗೆ ಗಾಳಿ ಹಾಕಿದಳು.

ವೇಲೂರಿನಲ್ಲಿ ಹುಡುಗಿಯನ್ನು ಬೇರೆ ಕೋಣೆಯಲ್ಲಿಟ್ಟರು. ಎರಡನೆಯ ದಿನ ರೋಗ ಶ್ವಾಸಕೋಶಕ್ಕಿಳಿಯಿತು. ಹೊಸದಾಗಿ ಬಂದಿದ್ದ ಒಂದು ಔಷಧವನ್ನು ಮದ್ರಾಸಿನಿಂದ ತರಿಸಿ ನರದೊಳಗೆ ಬಿಟ್ಟರು. ಹನ್ನೆರಡನೆಯ ದಿನ ಜ್ವರ ಬಿಟ್ಟಿತು. ಯಮನಮ್ಮ ಎದ್ದು ಕೂತು ಅನ್ನ ಕೇಳಿದಳು. ಆದರೆ ಅದೇ ವಾರ ಮೂತ್ರ ಕಡಿಮೆಯಾಗುತ್ತ ಬಂದು ಕಾಲು ಊದಿದವು.

ಡಾಕ್ಟರು ಗಂಡಹೆಂಡಿರನ್ನು ಕೂರಿಸಿಕೊಂಡು ಅವರಿಗೆ ತಿಳಿಯುವ ತೆಲುಗಿನಲ್ಲಿ ಹೇಳಿದರು. ಮಗು ಉಳಿಯಿತು, ಕಿಡ್ನಿ ಉಳಿಯಲಿಲ್ಲ. ಇನ್ನೊಂದು ಸಿಗುವವರೆಗೆ ಯಂತ್ರದಿಂದ ರಕ್ತ ಶುದ್ಧಿ ಮಾಡಬೇಕು. ಆದೆಮ್ಮನ ಕೈ ತನ್ನ ಪಕ್ಕೆಯ ಗಾಯದ ಗುರುತಿಗೆ ಹೋಯಿತು. ಅಲ್ಲಿ ನೋವೇನೂ ಇರಲಿಲ್ಲ. ಅವಳು ಎದ್ದು ಮಗಳಿಗೆ ಅನ್ನ ಕಲಸಲು ಹೋದಳು.

ಮರುದಿನ ಬೆಳಿಗ್ಗೆ ಪರಮಣ್ಣ ತನ್ನ ಕಿಡ್ನಿ ಮಗಳಿಗೆ ಹೊಂದುತ್ತದೋ ನೋಡಲು ರಕ್ತ ಕೊಡುವ ಕೋಣೆಗೆ ಹೋದ. ಬೆಂಚಿನ ಮೇಲೆ ಅವನ ತಾಯಿ ಆಗಲೇ ತೋಳು ಚಾಚಿ ಕೂತಿದ್ದಳು. ಇಷ್ಟು ವಯಸ್ಸಾದವರದು ಆಗುವುದಿಲ್ಲವೆಂದು ನರ್ಸ್ ತಿಳಿಸಿ ಹೇಳುತ್ತಿದ್ದಳು.

“ವಯಸ್ಸಾಗ್ಯದ, ಹೌದು ತಾಯಿ,” ಎಂದಳು ಬೂದೆಮ್ಮ, ತೋಳು ಹಿಂದೆಗೆಯದೆ. “ಅದಕ ಮೊದಲ ನಂದು ನೋಡು. ಅವ ಇನ್ನ ದುಡಿಯಾಂವ.”