ನಾಲ್ಕನೇ ಕ್ರಾಸಿನ ಫೋಟೋ

ಕಾರ್ತಿಕದ ಚಳಿ, ಭಾನುವಾರ, ಬೆಳಗಿನ ಐದೂವರೆ ಗಂಟೆ. ಹಾಲಿಗೆಂದು ಗೇಟು ತೆಗೆದ ಕಾಶಮ್ಮನಿಗೆ ಮೂಲೆಯ ಕಸದ ಗುಡ್ಡೆ ಕಾಣಲಿಲ್ಲ. ಆರು ತಿಂಗಳಿಂದ ಕಮ್ಮನಹಳ್ಳಿಯ ಆ ನಾಲ್ಕನೇ ಕ್ರಾಸಿನಲ್ಲಿ ಆಳೆತ್ತರ ಬೆಳೆದು ಕೂತಿದ್ದ ಗುಡ್ಡೆ ಅದು. ಅದಿದ್ದ ಜಾಗದಲ್ಲಿ ಬೀದಿ ಗುಡಿಸುವ ಪಟಾಲಮ್ಮ ಕುಕ್ಕರಗಾಲಲ್ಲಿ ಕೂತು, ನೆಲಕ್ಕಂಟಿದ ಕೊಳೆಯನ್ನು ತಗಡಿನ ಚೂರಿನಿಂದ ಕೆರೆಯುತ್ತಿದ್ದಳು.

"ಇದೇನ ಮಾಡಿದಿ ನಮ್ಮವ್ವಾ? ಇವತ್ತ ಪೇಪರಿನವರು ಬರಾಕತ್ತಾರ, ಈ ಕಸದ ಫೋಟೋ ಹಿಡಿಯಾಕ."

"ಅದಕ್ಕೇ ಅಮ್ಮ. ಕಸ ಪೇಪರ್‌ನಾಗೆ ಬಂದ್ರೆ ಮೇಸ್ತ್ರಿ ನನ್ನ ಇಟ್ಕೊತಾನಾ? ಮೂವತ್ತು ಮಂಕರಿ ಹೊತ್ತಾಕಿದೀನಿ, ಮೇನ್ ರೋಡಿನ ತೊಟ್ಟಿಗೆ."

ಬಡಾವಣೆಯ ವಾರಪತ್ರಿಕೆಗೆ ಪತ್ರ ಬರೆದವರು ಕಾಶಮ್ಮನ ಗಂಡ ಶಿವರುದ್ರಪ್ಪನವರು. ರಾಣೆಬೆನ್ನೂರು ಕಡೆಯವರು, ವಿಮೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ನಾಲ್ಕು ಬೀದಿಗೆ ಒಬ್ಬಳೇ ಹೆಂಗಸು, ತಳ್ಳುಗಾಡಿ ಕೂಡ ಇಲ್ಲ, ಅವಳ ಜೊತೆಗೆ ಇನ್ನೊಬ್ಬರನ್ನು ಹಾಕಿ ಎಂದು ಅವಳ ಒಳ್ಳೆಯದಕ್ಕೇ ಬರೆದಿದ್ದರು. ಪಟಾಲಮ್ಮನಿಗೆ ಬೇಕಾದದ್ದು ಆ ಬೀದಿಯಲ್ಲೇ ಉಳಿಯುವುದು, ಅಷ್ಟೇ. ಗಾರೆ ಕೆಲಸದಲ್ಲಿ ಸಾರವೆಯಿಂದ ಬಿದ್ದು ಸೊಂಟ ಹೋದ ಗಂಡ ಹಿಂದಿನ ಗಲ್ಲಿಯಲ್ಲಿ ಮಲಗಿದ್ದ. ಗುಡಿಸುವ ನಡುವೆ ಎರಡು ಗಂಟೆಗೊಮ್ಮೆ ಓಡಿಹೋಗಿ ಅವನನ್ನು ಮಗ್ಗುಲಿಗೆ ಹೊರಳಿಸಿ ಬರುತ್ತಿದ್ದಳು.

ಕಾಶಮ್ಮ ಆಗಲೇ ಗಂಡನನ್ನು ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ಕ್ಯಾಮೆರಾ ಹಿಡಿದವರು ಬಾಗಿಲಿಗೆ ಬರುತ್ತಾರೆಂದರೆ ಬೀಗರು ಬಂದ ಹಾಗೇ ಅಲ್ಲವೆ? ಎರಡು ಕೊಡ ನೀರು ಹೊಯ್ದು, ಗುಡ್ಡೆಯಿದ್ದ ಕಡೆಯೇ ದೊಡ್ಡದೊಂದು ರಂಗೋಲಿ ಎಳೆದಳು. ಅದನ್ನು ಕಂಡು ಎದುರುಮನೆಯವರು ಎಳೆದರು, ಅವರನ್ನು ಕಂಡು ಪಕ್ಕದವರು. ಎಂಟು ಗಂಟೆ ಹೊತ್ತಿಗೆ ಬೀದಿ ಮದುವೆಮನೆ ಆಗಿತ್ತು.

ಒಂಬತ್ತಕ್ಕೆ ಸ್ಕೂಟರಿನಲ್ಲಿ ಬಂದ ಫೋಟೋದ ಇನಾಯತ್ ಉಲ್ಲಾ ಬೀದಿಯ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದ.

"ಕಚ್ರಾ ಎಲ್ಲಿ ಸಾರ್? ಬರೀ ರಸ್ತೆ ಫೋಟೋ ತಗೊಂಡೋದ್ರೆ ನಮ್ ಎಡಿಟರ್ ನನ್ನೇ ಗುಡಿಸಾಕ್ತಾರೆ."

ಶಿವರುದ್ರಪ್ಪನವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗುಡ್ಡೆ ಎಷ್ಟೆತ್ತರ ಇತ್ತೆಂದು ಕೈಯೆತ್ತಿಯೂ ತೋರಿಸಿದರು. ಕೈಯೆತ್ತಿದ್ದನ್ನು ಫೋಟೋ ಹಿಡಿದು ಏನು ಮಾಡಲಿ ಎಂದ ಇನಾಯತ್. ಪಟಾಲಮ್ಮನನ್ನು ಗುಡಿಸುತ್ತ ನಿಲ್ಲಿಸೋಣ ಎಂದು ಕಾಶಮ್ಮ ಅಂದದ್ದಕ್ಕೆ ಅವನು ಬೇಡವೆಂದು ತಲೆಯಾಡಿಸಿದ.

"ಗುಡ್ಸೋರು ಗುಡಿಸಿದ್ರೆ ಅದೇನು ನ್ಯೂಸಮ್ಮ? ಪೊರ್ಕೆ ನೀವು ಹಿಡ್ಕೊಳ್ಳಿ ಸಾರ್."

ಪಟಾಲಮ್ಮ ಪೊರಕೆ ಕೊಟ್ಟು ಸ್ಕೂಟರಿನ ಹಿಂದಕ್ಕೆ ಸರಿದು ನಿಂತಳು. ಶಿವರುದ್ರಪ್ಪನವರು ಇಸ್ತ್ರಿಯ ಬಿಳಿ ಅಂಗಿ ಹೇಗೂ ತೊಟ್ಟಿದ್ದರು. ಈಕೆಗೆ ಇನ್ನೊಬ್ಬರು ಬೇಕು ಅನ್ನುವುದನ್ನು ಮಾತ್ರ ತಪ್ಪದೆ ಬರೆಯಿರಿ ಎಂದರು. ಇನಾಯತ್ ಬರೆದುಕೊಂಡ. ಶನಿವಾರ ಬಂದ ಪತ್ರಿಕೆಯಲ್ಲಿ ಫೋಟೋಗೇ ಅರ್ಧ ಪುಟ ಹೋಗಿ, ಕೆಳಗೆ ಒಂದೇ ಸಾಲಿಗೆ ಜಾಗ ಉಳಿದಿತ್ತು: ತಮ್ಮ ಬೀದಿಯನ್ನು ತಾವೇ ಗುಡಿಸಿಕೊಳ್ಳುವ ನಾಲ್ಕನೇ ಕ್ರಾಸಿನ ಹಿರಿಯರು.

ಸೋಮವಾರ ಮೇಸ್ತ್ರಿ ಆ ಪತ್ರಿಕೆಯನ್ನು ಪಟಾಲಮ್ಮನ ಮುಂದೆ ಹಿಡಿದು, ಗುಡಿಸಿಕೊಳ್ಳುವ ಬೀದಿಗೆ ಆಳೇಕೆ ಎಂದು ಗುತ್ತಿಗೆದಾರರು ಕೇಳುತ್ತಿದ್ದಾರೆ ಅಂದ. ಶುಕ್ರವಾರದಿಂದ ಅವಳ ಕೆಲಸ ಕೆ.ಆರ್. ಪುರದ ಸಂತೆಯ ಹತ್ತಿರ. ಎರಡು ಬಸ್ಸಿನ ದಾರಿ. ಹೋದರೆ ಸಂಜೆಗೇ ಮನೆ.

ಅವಳ ಗಂಡನನ್ನು ಹೊರಳಿಸುವವರು ಯಾರು ಎಂದು ಕಾಶಮ್ಮ ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ. ಮಂಗಳವಾರ ತಾನೇ ನಿಂತು ಗಂಡನನ್ನು ವಾರ್ಡಿನ ಆಫೀಸಿಗೆ ಕಳಿಸಿದಳು. ಹನ್ನೆರಡಕ್ಕೆ ಹೋದವರು ಮೂರಕ್ಕೆ ಬಂದರು. ಕೈಯಲ್ಲಿ ಹಾರ, ಹೆಗಲ ಮೇಲೆ ಶಾಲು.

"ಹೇಳಿದ್ರೇನು, ಗುಡಿಸಾಕಿ ಆಕಿ ಅಂತ?"

"ಹೇಳಾಕ ಬಾಯಿ ತಗದೆ. ಅಷ್ಟರಾಗ ಸಾಹೇಬರು ಎದ್ದ ನಿಂತು ಕೈ ಮುಗದ್ರು. ಕುರ್ಚಿ ಹಾಕ್ಸಿದ್ರು, ಚಾ ತರಿಸಿದ್ರು. ಎಲ್ಲಾರನ್ನೂ ಕರದು ನನ್ನ ತೋರ್ಸಿದ್ರು."

"ಚಾ ಕುಡದ ಮ್ಯಾಲಾರ ಹೇಳ್ಬೇಕಿತ್ತು."

"ಶಾಲು ಹೊದ್ದಕೊಂಡು ಹೆಂಗ ಹೇಳ್ಲಿ?" ಎಂದು ಶಿವರುದ್ರಪ್ಪನವರು ಗೋಡೆಯ ಕಡೆ ನೋಡಿದರು. ಮುಂದಿನ ತಿಂಗಳು ಪಕ್ಕದ ಬಡಾವಣೆಯಲ್ಲಿ ನಾಲ್ಕು ಮಾತಾಡಲು ಒಪ್ಪಿಕೊಂಡು ಬಂದದ್ದನ್ನು ರಾತ್ರಿ ಊಟದ ಹೊತ್ತಿಗೆ ಹೇಳಿದರು.

ಗುರುವಾರ ಹನ್ನೊಂದಕ್ಕೆ ಪಟಾಲಮ್ಮ ಹೇಳಿಹೋಗಲು ಬಂದಳು. ಗಂಡನನ್ನು ಮಾಲೂರಿನ ನಾದಿನಿಯ ಮನೆಗೆ ಬಿಟ್ಟುಬಂದಿದ್ದಳಂತೆ. ಎಷ್ಟು ದಿನ ನೋಡಿಕೊಳ್ಳುತ್ತಾಳೋ ಗೊತ್ತಿಲ್ಲ ಅಂದಳು. ಕಾಶಮ್ಮ ಎರಡು ಜೋಳದ ರೊಟ್ಟಿ ಕಟ್ಟಿಕೊಟ್ಟಳು. ಶಿವರುದ್ರಪ್ಪನವರು ಒಳಗೇ ಇದ್ದರು, ಹೊರಗೆ ಬರಲಿಲ್ಲ.

"ಅಯ್ಯನೋರಿಗೆ ಹೇಳ್ಬಿಡಿ ಅಮ್ಮ," ಎಂದಳು ಪಟಾಲಮ್ಮ, ಗೇಟಿನ ಆಚೆ ನಿಂತು. "ಫೋಟೋ ಚೆನ್ನಾಗಿ ಬಂದದೆ. ಪೊರಕೆ ಮಾತ್ರ ತಲೆಕೆಳಗೆ ಹಿಡ್ಕೊಂಡವ್ರೆ."

ಅಷ್ಟು ಹೇಳಿ ಹೋದಳು. ಆ ಫೋಟೋವನ್ನು ಅಷ್ಟು ಹೊತ್ತಿಗೆ ಬೀದಿಯ ಇಪ್ಪತ್ತೆರಡು ಮನೆಯವರೂ, ವಾರ್ಡಿನ ಆಫೀಸಿನವರೂ ನೋಡಿಯಾಗಿತ್ತು.