ಸಾಹೇಬರ ಎಲೆ

ಏಳು ಕಡಲು ದಾಟಿ ಬಂದ ಒಂದು ಯಂತ್ರವಿತ್ತಂತೆ. ಜಯನಗರದಲ್ಲಿ, ಗಾಜಿನ ಗೋಡೆಯ ತಣ್ಣನೆಯ ಕೋಣೆಯೇ ಅದರ ಅರಮನೆ. ದಿನಾ ಬೆಳಿಗ್ಗೆ ಎಚ್ಚರವಾದ ಕೂಡಲೇ ಆ ಕಂಪ್ಯೂಟರ್ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನನ್ನಲ್ಲಿರುವುದು ಇಷ್ಟೇ ಮೆಮೊರಿ, ಯಾರಿಗೆ ಎಷ್ಟು ಹಂಚಲಿ? ಕಥೆ ಬಹಳ ಹಳೆಯದೇನಲ್ಲ. ಎಂಬತ್ತೆಂಟನೇ ಇಸವಿಯ ಒಂದು ಸೋಮವಾರ, ಮಧ್ಯಾಹ್ನ ಹನ್ನೆರಡೂವರೆಗೆ, ತಿಮ್ಮಕ್ಕ ಆ ಅರಮನೆಯ ಬಾಗಿಲಲ್ಲಿ ನಿಂತು ಕೇಳಿದಳು, "ಹನ್ನೆರಡಕ್ಕೆ ಕೊಡ್ತೀನಿ ಅಂದ್ರಲ್ಲ ಮೇಡಂ, ಇನ್ನೂ ಬರ್ಲಿಲ್ವಾ?"

ತಿಮ್ಮಕ್ಕ ಸಿದ್ದಾಪುರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಎರಡು ಗಂಟೆಗೆ ಬನಶಂಕರಿಯಲ್ಲಿ ಅವಳಿಗೆ ನರ್ಸ್ ತರಬೇತಿಯ ಪ್ರವೇಶ ಪರೀಕ್ಷೆ. ಹಾಲ್ ಟಿಕೆಟ್ ಅಂಚೆಯಲ್ಲಿ ಎಲ್ಲೋ ಕಳೆದುಹೋಗಿತ್ತು. ಮುಂದಿನ ವರ್ಷಕ್ಕೆ ಕಾಯೋಣವೆಂದರೆ ವಯಸ್ಸು ಮೀರುತ್ತದೆ. ಹಾಲ್ ಟಿಕೆಟ್‌ಗಳನ್ನೆಲ್ಲ ಗುತ್ತಿಗೆಗೆ ಅಚ್ಚು ಹಾಕಿದ್ದು ಈ ಯಂತ್ರವೇ ಆದ್ದರಿಂದ ಇನ್ನೊಂದು ಪ್ರತಿಯನ್ನೂ ಇದೇ ಕೊಡಬೇಕು. ಬೆಳಿಗ್ಗೆಯೇ ಆಪರೇಟರ್ ಸರ್ವಮಂಗಳಾ ಆ ಕೆಲಸವನ್ನು ಯಂತ್ರದ ಸಾಲಿಗೆ ಸೇರಿಸಿ, ತಿಮ್ಮಕ್ಕನಿಗೆ ಮಾತೂ ಕೊಟ್ಟಿದ್ದಳು. ಆದರೆ ಸಾಲಿನಲ್ಲಿ ಅದಕ್ಕೂ ಮೊದಲು ಯಾವುದೋ ಕಾರ್ಖಾನೆಯ ದೊಡ್ಡ ದಾಸ್ತಾನು ಪಟ್ಟಿ ನಡೆಯುತ್ತಿತ್ತು. ಅರ್ಧಕ್ಕೆ ನಿಲ್ಲಿಸಿದರೆ ಅದು ಪೂರ್ತಿ ಕೆಡುತ್ತದೆ. ತೆವಳುವುದನ್ನು ನೋಡಿದರೆ ನಾಲ್ಕು ಗಂಟೆಗೂ ಮುಗಿಯುವ ಲಕ್ಷಣವಿರಲಿಲ್ಲ.

ತೆವಳದೆ ಇನ್ನೇನು? ಯಂತ್ರದೊಳಗೆ ನಾಲ್ಕು ಮನೆಗಳು. ಅವನ್ನು ಆಫೀಸಿನಲ್ಲಿ ಸಬ್‌ಸಿಸ್ಟಮ್ ಎನ್ನುತ್ತಿದ್ದರು. ಪರದೆಗಳ ಮುಂದೆ ಕೂತು ಟೈಪ್ ಮಾಡುವವರಿಗೊಂದು, ಸಾಲಿನಲ್ಲಿ ನಡೆಯುವ ದೊಡ್ಡ ಕೆಲಸಗಳಿಗೊಂದು, ಪ್ರಿಂಟರಿಗೊಂದು. ನಾಲ್ಕನೆಯದು ಮಾಲೀಕರಾದ ಗುರುಬಸಪ್ಪನವರ ಒಂದೇ ಒಂದು ಪರದೆಗೆ. ಮೇಲ್ವಿಚಾರಕ ಸೋಮಲಿಂಗಪ್ಪ ಬೆಳಿಗ್ಗೆ ಬಂದವರೇ ಮೊದಲು ಎಬ್ಬಿಸುತ್ತಿದ್ದದ್ದು ಸಾಹೇಬರ ಮನೆಯನ್ನು. ಯಂತ್ರದ ಅರ್ಧ ಮೆಮೊರಿ ಅದಕ್ಕೇ. ಮಿಕ್ಕಿದ್ದರಲ್ಲಿ ಮಿಕ್ಕವರು.

"ಸಾರ್, ಸಾಹೇಬ್ರು ಇನ್ನೂ ಬಂದೇ ಇಲ್ಲ," ಎಂದಳು ಸರ್ವಮಂಗಳಾ. "ಅವ್ರ ಪಾಲು ಸುಮ್ನೆ ಕೂತಿದೆ. ಅದನ್ನ ಈ ಕಡೆ ಕೊಟ್ರೆ ಅರ್ಧ ಗಂಟೇಲಿ ಎಲ್ಲಾ ಮುಗಿಯುತ್ತೆ."

ಸೋಮಲಿಂಗಪ್ಪ ಕನ್ನಡಕದ ಮೇಲಿಂದ ನೋಡಿದರು. "ಊಟದ ಪಂಕ್ತಿ ನೋಡಿದ್ದೀಯೇನಮ್ಮ? ದೊಡ್ಡೋರ ಎಲೆಗೆ ಮೊದ್ಲು ಬಡಿಸ್ತಾರೆ. ಅವ್ರು ಬರೋದು ತಡ ಆಯ್ತು ಅಂತ ಆ ಎಲೆ ಎಳೆದು ಪಕ್ಕದೋನಿಗೆ ಹಾಕ್ತಾರಾ?"

"ಅನ್ನ ಆರಿಹೋಗ್ತಿದೆಯಲ್ಲ ಸಾರ್!"

"ಆರ್ಲಿ ಬಿಡು. ಮೂರು ವರ್ಷದಿಂದ ಹೀಗೇ ನಡೆದಿದೆ. ಅವ್ರು ಬಂದು ಒಂದು ಬಟನ್ ಒತ್ತಿ, ಅದು ತಡ ಆದ್ರೆ ನನ್ನ ಕೆಲ್ಸ ಹೋಗುತ್ತೆ, ನಿಂದಲ್ಲ."

"ಊಟದ ವಿಷ್ಯ ಆಮೇಲೆ ಮಾತಾಡ್ಕೊಳ್ಳಿ ಸ್ವಾಮಿ," ಎಂದಳು ತಿಮ್ಮಕ್ಕ. "ನಾನು ಬೆಳಿಗ್ಗೆಯಿಂದ ಕಾಫೀನೂ ಕುಡಿದಿಲ್ಲ."

ಸೋಮಲಿಂಗಪ್ಪ ಗೊಣಗುತ್ತ ತಮ್ಮ ಡಬ್ಬಿ ಬಿಚ್ಚಲು ಪಕ್ಕದ ಕೋಣೆಗೆ ಹೋದರು. ಸರ್ವಮಂಗಳಾ ಕೀಲಿಮಣೆಯ ಮುಂದೆ ಕೂತಳು. ಏಳನೇ ಕೋಣೆಯ ಬಾಗಿಲು ಮಾತ್ರ ತೆಗೆಯಬೇಡ ಎಂದು ಹೇಳಿಸಿಕೊಂಡ ಅಜ್ಜಿಕಥೆಯ ಹುಡುಗಿಯೂ ಹೀಗೇ ಒಮ್ಮೆ ಹಿಂದೆ ತಿರುಗಿ ನೋಡಿರಬೇಕು. ಒಂದು ಸಾಲು ಟೈಪ್ ಮಾಡಿದಳು. ಸಾಹೇಬರ ಮನೆ ಮುಚ್ಚಿತು. ಇನ್ನೊಂದು ಸಾಲು, ಅಲ್ಲಿದ್ದ ಮೆಮೊರಿಯೆಲ್ಲ ದಾಸ್ತಾನು ಪಟ್ಟಿಯ ಕಡೆ ಹರಿಯಿತು. ಮೆಮೊರಿ ಸಾಲದೆ ಬೆಳಿಗ್ಗೆಯಿಂದ ಗರಗರ ಎನ್ನುತ್ತಿದ್ದ ಡಿಸ್ಕುಗಳು, ಹಸಿದ ಮಗುವಿನ ಬಾಯಿಗೆ ಹಾಲು ಬಿದ್ದಂತೆ, ಸದ್ದಡಗಿದವು.

ಕಾಲು ಗಂಟೆಯೂ ಆಗಿರಲಿಲ್ಲ, ಸಾಹೇಬರೇ ಬಾಗಿಲಲ್ಲಿ! ಹಿಂದಿನಿಂದ ಎಂಜಲು ಕೈಯಲ್ಲೇ ಓಡಿಬಂದ ಸೋಮಲಿಂಗಪ್ಪ ಪರದೆ ನೋಡಿ ಬಿಳಿಚಿಕೊಂಡರು. "ಸಾರ್, ನಿಮ್ಮ ಸ್ಕ್ರೀನು... ಈ ಹುಡುಗಿ..."

"ನಾನೇ ನಿಲ್ಲಿಸಿದ್ದು ಸಾರ್," ಎಂದು ಸರ್ವಮಂಗಳಾ ಎದ್ದು ನಿಂತಳು. "ಇವರಿಗೆ ಎರಡು ಗಂಟೆಗೆ ಪರೀಕ್ಷೆ. ಬಯ್ಯೋದಿದ್ರೆ ಹಾಲ್ ಟಿಕೆಟ್ ಬಂದ್ಮೇಲೆ ಬಯ್ಯಿರಿ."

ಗುರುಬಸಪ್ಪನವರು ಸೋಮಲಿಂಗಪ್ಪನವರ ಕಡೆ ತಿರುಗಿದರು. "ಅಂದ್ರೆ, ಇಷ್ಟು ದಿನ ಆ ಸ್ಕ್ರೀನು ಕೆಲ್ಸ ಮಾಡ್ತಿತ್ತೇನ್ರಿ?"

"ದಿನಾ ಸಾರ್! ಮೂರು ವರ್ಷದಿಂದ ಒಂದಿನಾನೂ ತಪ್ಪಿಸಿಲ್ಲ."

"ಅದನ್ನ ಆನ್ ಮಾಡೋದು ಹೇಗೇಂತಲೇ ನಂಗೆ ಗೊತ್ತಿಲ್ಲ ಕಣ್ರಿ. ಕೇಳೋಕೆ ನಾಚಿಕೆ. ನಮ್ಮನೆಯವರು ಹೆಣೆದಿದ್ದ ಲೇಸ್ ಬಟ್ಟೆ ಹೊದಿಸಿ ಮೇಲೊಂದು ಹೂದಾನಿ ಇಟ್ಟಿದ್ದೀನಿ."

ಮೊದಲು ನಕ್ಕವಳು ತಿಮ್ಮಕ್ಕ. ಆಮೇಲೆ ಸಾಹೇಬರು. ಸೋಮಲಿಂಗಪ್ಪನವರ ಬೆರಳಿಗಂಟಿದ ಮೊಸರನ್ನ ಮಾತ್ರ ಹಾಗೇ ಒಣಗುತ್ತಿತ್ತು.

ಅಷ್ಟರಲ್ಲಿ ಪ್ರಿಂಟರ್ ಕಟಕಟನೆ ಶುರುವಾಯಿತು. ಮೊಳಗಟ್ಟಲೆ ದಾಸ್ತಾನು ಪಟ್ಟಿ ಹೊರಬಿದ್ದು ಮಡಿಕೆ ಮಡಿಕೆಯಾಗಿ ಕೂತಿತು. ಅದರ ಹಿಂದೆ ಒಂದೇ ಒಂದು ಹಾಳೆ. ಸರ್ವಮಂಗಳಾ ಅದನ್ನು ಹರಿದು, ಹೆಸರು ನಂಬರುಗಳನ್ನು ಜೋರಾಗಿ ಓದಿ, ತಿಮ್ಮಕ್ಕನ ಕೈಗೆ ಕೊಟ್ಟಳು. ಗಂಟೆ ಒಂದು ಹೊಡೆದು ಐದು ನಿಮಿಷ. ತಿಮ್ಮಕ್ಕ ಹಾಳೆಯನ್ನು ಎದೆಗವುಚಿಕೊಂಡು ಮೆಟ್ಟಿಲಿಳಿದು ಓಡಿದಳು.

ಧೂಳು ಸೇರಬಾರದೆಂದು ಆ ಕೋಣೆಗೆ ಯಾರೇ ಬಂದರೂ ಬರಿಗಾಲಲ್ಲೇ ಬರಬೇಕು. ಸರ್ವಮಂಗಳಾ ಕಿಟಕಿಯಿಂದ ಇಣುಕಿದಾಗ ತಿಮ್ಮಕ್ಕ ಹಾಗೇ ಬರಿಗಾಲಲ್ಲಿ ಬಸ್ ಸ್ಟಾಪಿನತ್ತ ಓಡುತ್ತಿದ್ದಳು. ಅವಳ ಹಿಂದೆ, ತಾವೂ ಬರಿಗಾಲಲ್ಲಿ, ಅವಳ ಹವಾಯಿ ಚಪ್ಪಲಿಗಳನ್ನು ಕೈಗೊಂದರಂತೆ ಮೇಲೆತ್ತಿ ಹಿಡಿದು, "ನಿಲ್ಲಿ ತಾಯಿ, ನಿಲ್ಲಿ!" ಎಂದು ಕೂಗುತ್ತ ಸೋಮಲಿಂಗಪ್ಪ ಓಡುತ್ತಿದ್ದರು.