ಮೂರು ಸಲ ಕರೆಯುವ ಸಾಲು

ಕಂಪ್ಯೂಟರ್ ಕೋಡಿನ ನಡುವೆ ಬುಷರಾ ವಿವರಣೆಗೆಂದು ಬರೆದಿಟ್ಟಿದ್ದ ಕಮೆಂಟನ್ನು ಟೀಮ್ ಲೀಡರ್ ಸುಹಾಸ ಅವಳ ಕಣ್ಣೆದುರಿಗೇ ಅಳಿಸಿ ಹಾಕಿದ.

"ಅರೇ ಬುಷರಾ, ಕೋಡ್ ಬರಿ ಅಂದ್ರೆ ನಿಬಂಧ ಬರೀತೀಯಲ್ಲ! ಕೋಡ್ ಸಾಫ್ ಇದ್ರೆ ಕಮೆಂಟ್ ಯಾಕೆ ಬೇಕು? ಕಂಪ್ಯೂಟರ್ ಇದನ್ನ ಓದೋದೇ ಇಲ್ಲ."

"ಕಂಪ್ಯೂಟರಿಗೆ ಅಲ್ರೀ ಸರ್, ನಮ್ಮಂಥಾವ್ರಿಗೆ ಬರದದ್ದು," ಎಂದಳು ಬುಷರಾ. ಸುಹಾಸ ಆಗಲೇ ಮುಂದಿನ ಫೈಲಿಗೆ ಹೋಗಿದ್ದ. ಮುಂಬಯಿಯ ಸಯನ್ನಿನ ಆ ಪುಟ್ಟ ಆಫೀಸಿನಲ್ಲಿ ಅವನು ಹೇಳಿದ್ದೇ ಕೊನೆಯ ಮಾತು. ಬುಷರಾಳಿಗೆ ಮೈಯೆಲ್ಲ ಉರಿಯಿತು. ಪರೇಲಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಹೆಸರು ಕೂಗುವ ಆ ಪ್ರೋಗ್ರಾಮು ಅವಳು ಒಬ್ಬಳೇ ನಿಂತು ಮಾಡಿದ ಮೊದಲ ಕೆಲಸ.

ಮುಂದಿನ ವಾರ ಆಸ್ಪತ್ರೆಯಲ್ಲಿ ಅದು ಚಾಲೂ ಆಯಿತು. ಇಬ್ಬರೂ ಹೋಗಿ ಕೌಂಟರಿನ ಹತ್ತಿರ ನಿಂತರು. ಸ್ವಲ್ಪ ಹೊತ್ತಿನಲ್ಲೇ ಗದ್ದಲ ಶುರು. ಶರಣವ್ವ ಎಂಬ ಮುದುಕಿಯಂತೂ ಬುಷರಾಳ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, ಅವಳನ್ನು ತರಾಟೆಗೆ ತೆಗೆದುಕೊಂಡಳು.

"ಮುಂಜಾನಿಂದ ಕುಂತೇನಿ. ನನ್ನ ಹಿಂದ ಬಂದಾವ್ರೆಲ್ಲಾ ಒಳಗ ಹೋಗಿ ಬಂದ್ರು. ಡಾಕ್ಟರು ಎದ್ದು ಹೋದ್ರ ಈ ಮೊಣಕಾಲು ತಗೊಂಡು ಮತ್ತ ಬರಬೇಕೇನು? ನನ್ನ ಹೆಸರು ಯಾವಾಗ ಕರದ್ರಿ?"

ಕರೆದಾಗಿತ್ತು. ಕಿಟಕಿಯಾಚೆ ಲೋಕಲ್ ರೈಲು ಧಡಧಡ ಹಾಯುವ ಹೊತ್ತಿಗೆ ಸರಿಯಾಗಿ, ಒಂದೇ ಒಂದು ಸಲ. ಬುಷರಾ ಲ್ಯಾಪ್‌ಟಾಪ್ ತೆರೆದಳು.

"ಸರ್, ಇಲ್ಲಿ ಎರಡು ಸಾಲು ಎಲ್ಲಿ ಹೋದ್ವು?"

"ಒಂದೇ ಲೈನ್ ಮೂರು ಸಲ ಇತ್ತು. ಕಾಪಿ ಪೇಸ್ಟ್ ಮಿಸ್ಟೇಕ್ ಅಂತ ಮೊನ್ನೆ ನಾನೇ ತೆಗೆದೆ. ಮೂರು ಸಲ ಯಾಕೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಬರದಿದ್ನೆಲ್ರೀ ಸರ್! ಲೋಕಲ್ ಹಾಯೂ ಮುಂದ ಹೆಸರು ಕೇಳಿಸೂದಿಲ್ಲ, ಅಲ್ಲೇ ಬೆಂಚಿನ ಮ್ಯಾಲೆ ಕುಂತು ನೋಡೀನಿ, ಅದಕ್ಕ ಮೂರು ಸಲ ಅಂತ. ನೀವ ಅಳಿಸಿದ್ರಿ."

ಸುಹಾಸ ಲ್ಯಾಪ್‌ಟಾಪಿನತ್ತ ಬಗ್ಗಿದ. ಅಷ್ಟರಲ್ಲಿ ಇನ್ನೊಂದು ಲೋಕಲ್ ಬಂತು. ಗೋಡೆಯ ಸ್ಪೀಕರ್ ಯಾರನ್ನೋ ಕರೆಯಿತು, ಯಾರನ್ನೆಂದು ಅವನಿಗೂ ತಿಳಿಯಲಿಲ್ಲ.

"ವಾಪಸ್ ಹಾಕು," ಎಂದ. ತಾನೇ ಮುಂದುವರಿಸಿ, "ಕಮೆಂಟ್ ಭೀ ಹಾಕು. ಪೂರಾ."

ಬುಷರಾ ಮೊದಲು ಕಮೆಂಟು ಬರೆದಳು, ಆಮೇಲೆ ಹೋಗಿದ್ದ ಆ ಎರಡು ಸಾಲು. ಕೆಲಸ ಸಿಕ್ಕ ದಿನವೂ ಅವಳಿಗೆ ಇಷ್ಟು ಖುಷಿಯಾಗಿರಲಿಲ್ಲ. ಕೌಂಟರಿನವರಿಗೆ ಹೇಳಿ ಶರಣವ್ವನ ಹೆಸರನ್ನು ಮತ್ತೆ ಸರದಿಗೆ ಸೇರಿಸಿದಳು.

ಸ್ಪೀಕರ್ ಶರಣವ್ವನನ್ನು ಕರೆಯಿತು. ಲೋಕಲ್ ನುಂಗಿತು. ಮತ್ತೆ ಕರೆಯಿತು. ಎದುರಿನಿಂದ ಬಂದ ಇನ್ನೊಂದು ಗಾಡಿ ನುಂಗಿತು. ಮೂರನೆಯ ಸಲ ಆ ಹೆಸರು ಮೂಲೆಮೂಲೆಗೂ ಕೇಳಿಸಿತು. ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದಳು, ಸ್ಪೀಕರಿನ ಕಡೆ ಕೈ ಬೀಸಿ ಗದರಿದಳು.

"ಬಂದ್ನೆಪಾ ಬಂದ್ನಿ! ಒಂದ ಸಮನ ಒದರಾಕತ್ತಿ, ನಾ ಏನ್ ಕಿವುಡಿ ಏನು?"